ಹಲ್ಲನ್ನು ಸರಿಸುವ ಚಿಕಿತ್ಸೆಯಲ್ಲಿ ಲಂಗರಿನ ವಿಚಾರ

(ಮಠದ ಮಹೋತ್ಸವದ ಅಂಗವಾಗಿ ಜರುಗಿದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಗೋಷ್ಠಿಯಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ವ್ಯವಸ್ಥಾಪಕರು ನನಗೆ ಅಪ್ಪಣೆಯಿತ್ತಿರುವರು. ನಾನು ಉಡುಪಿಯ ಕಡೆಯವನು, ದಂತವೈದ್ಯವೃತ್ತಿಯನ್ನು ಅವಲಂಬಿಸಿದವನು. ತತ್ತ್ವವಿಚಾರವನ್ನು ಕೇಳಿ ಪಳಗಿದ ಕಿವಿಗಳಿಗೆ ಹಲ್ಲು, ತಂತಿ, ತಿರುಪುಮೊಳೆ ಇವುಗಳ ಮಾತು ಶುಷ್ಕವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ನೆರೆದಿರುವವರಲ್ಲಿ ಬಹುಮಂದಿ ಮಕ್ಕಳೊಂದಿಗರು. ಮಗಳ ಹಲ್ಲು ಉಬ್ಬಿಕೊಂಡಿದೆ, ಕ್ಲಿಪ್ಪು ಹಾಕಿಸಬೇಕೇ? ಗಟ್ಟಿಮುಟ್ಟಾದ ನಾಲ್ಕು ಹಲ್ಲುಗಳನ್ನು ಕೀಳಬೇಕೆಂದು ವೈದ್ಯರು ಹೇಳುವರಲ್ಲಾ, ಅದಕ್ಕೆ ಒಪ್ಪಬಹುದೇ? ದವಡೆಗೆ ಮೊಳೆ ಹೊಡೆಯುವರಂತೆ, ಅದು ನಿಜವೇ? ಎಂದು ಮುಂತಾಗಿ ತಂದೆತಾಯಿಗಳು ದಿನವೂ ನಮ್ಮನ್ನು ಕೇಳುವರು. ಈ ಪ್ರಶ್ನೆಗಳೆಲ್ಲವೂ ಕೊನೆಗೆ ಒಂದೇ ಪ್ರಶ್ನೆಯಲ್ಲಿ ಹೋಗಿ ಸೇರುವುವು. ಆ ಒಂದು ಪ್ರಶ್ನೆಯನ್ನೇ ಇಂದು ತಮ್ಮ ಮುಂದೆ ಬಿಡಿಸಿ ಹೇಳಬೇಕೆಂಬುದು ನನ್ನ ಉದ್ದೇಶವು.

ಮೊದಲು ಒಂದು ಸಂಶಯವನ್ನು ಪರಿಹರಿಸುವೆನು. ಎಲುಬಿನಲ್ಲಿ ನೆಟ್ಟಿರುವ ಹಲ್ಲು ಸರಿಯುವುದಾದರೂ ಹೇಗೆ? ಹಲ್ಲು ಗೋಡೆಯಲ್ಲಿ ಹೊಡೆದ ಗೂಟದಂತೆ ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆಳ್ಳಗಾದ ನಾರಿನ ಪೊರೆಯೊಂದಿರುವುದು. ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲನೆ, ಎಡೆಬಿಡದೆ ಒತ್ತುತ್ತ ಬಂದರೆ, ಒತ್ತಡ ಬಿದ್ದ ಪಾರ್ಶ್ವದಲ್ಲಿ ಎಲುಬು ಕರಗುವುದು. ಸೆಳೆತ ಬಿದ್ದ ಪಾರ್ಶ್ವದಲ್ಲಿ ಹೊಸ ಎಲುಬು ಹುಟ್ಟುವುದು. ಹೀಗೆ ಹಿಂದೆ ಕಟ್ಟುತ್ತ ಮುಂದೆ ಕೆಡವುತ್ತ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸಾಗುವುದು. ಇದಕ್ಕೆ ಬೇಕಾಗುವ ಬಲವು ಅತ್ಯಲ್ಪವಾದುದು. ಹಲ್ಲನ್ನು ವಾಲಿಸುವುದಕ್ಕೆ 35ರಿಂದ 60 ಗ್ರಾಂ ತೂಕದಷ್ಟು, ಬೇರುಸಹಿತ ನೆಟ್ಟಗೆ ಸರಿಸುವುದಕ್ಕೆ 70ರಿಂದ 120 ಗ್ರಾಂ ತೂಕದಷ್ಟು ಬಲ ಸಾಕೆಂದು ಶಾಸ್ತ್ರಜ್ಞರು ಗಣಿಸಿರುವರು. ಬಲವು ಅತಿಯಾದರೆ ಆ ಪೊರೆಯಲ್ಲಿ ರಕ್ತಸಂಚಾರವು ನಿಂತು, ಹಲ್ಲು ಸರಿಯುವ ಬದಲು ನಿಂತುಬಿಡುವುದು. ಬೇರು ಸವೆಯುವ ಭಯವೂ ಉಂಟು. ಆದುದರಿಂದ ಬೇಗ ಮುಗಿಯಲೆಂದು ತಂತಿಯನ್ನು ಬಿಗಿಯಾಗಿ ಕಟ್ಟಿಸುವ ಆತುರವು ಒಳ್ಳೆಯದಲ್ಲ.

ಹಲ್ಲು ಸರಿಯುವುದೆಂಬುದು ಸಿದ್ಧವಾಯಿತು. ಆದರೆ ಅದನ್ನು ಎಳೆಯುವವರು ಎಲ್ಲಿ ನಿಂತು ಎಳೆಯಬೇಕು? ಪ್ರತಿಯೊಂದು ಕ್ರಿಯೆಗೂ ಸಮವಾದ ಮತ್ತು ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯುಂಟೆಂದು ನ್ಯೂಟನ್ ಮಹಾಶಯರು 1687ರಲ್ಲಿ ಸಾರಿದ ನಿಯಮವು ಬಾಯಿಯೊಳಗೂ ತಪ್ಪದೆ ನಡೆಯುವುದು. ಮುಂದಿನ ಹಲ್ಲನ್ನು ಹಿಂದಕ್ಕೆ ಎಷ್ಟು ಬಲದಿಂದ ಎಳೆಯುವೆವೋ, ಅದಕ್ಕೆ ಆಧಾರವಾದ ಹಿಂದಿನ ಹಲ್ಲನ್ನು ಅಷ್ಟೇ ಬಲದಿಂದ ಮುಂದಕ್ಕೆ ಎಳೆದಂತಾಗುವುದು. ನೋಡುವವರ ಕಣ್ಣಿಗೆ ಮುಂದಿನ ಹಲ್ಲು ಮಾತ್ರ ಕಾಣುವುದು. ಹಿಂದೆ ನಡೆಯುವ ಸಂಗತಿಯನ್ನು ವೈದ್ಯನೊಬ್ಬನೇ ಕಾಣುವನು. ಆ ಪ್ರತಿಬಲವನ್ನು ತಡೆದು ನಿಲ್ಲುವ ಆಧಾರಕ್ಕೆ ದಂತವೈದ್ಯರು ಆಂಕರೇಜ್ ಎನ್ನುವರು. ಕರಾವಳಿಯವರಾದ ನಮಗೆ ಅದರ ಅರ್ಥವು ಲಂಗರೆಂದು ಕೂಡಲೇ ತಿಳಿಯುವುದು. ಈ ಉಪನ್ಯಾಸದಲ್ಲಿ ಅದೇ ಮಾತನ್ನು ಬಳಸುವೆನು.

ಘಟ್ಟದ ಮೇಲಿನ ಬಂಧುಗಳಿಗಾಗಿ ಇದನ್ನು ಒಂದು ದೃಷ್ಟಾಂತದಿಂದ ಸ್ಪಷ್ಟಪಡಿಸುವೆನು. ಉಡುಪಿಯ ಬಳಿಯ ಮಲ್ಪೆಯ ಬಂದರಿನಲ್ಲಿ ಎರಡು ಸಣ್ಣ ದೋಣಿಗಳಿವೆ ಎಂದು ಭಾವಿಸಿರಿ. ಒಂದರಲ್ಲಿ ಕುಳಿತವನು ಇನ್ನೊಂದಕ್ಕೆ ಹಗ್ಗ ಕಟ್ಟಿ ಎಳೆದರೆ ಎರಡೂ ಸರಿದು ನಡುವೆ ಸಂಧಿಸುವುವು. ಸಣ್ಣ ದೋಣಿಯನ್ನು ದೊಡ್ಡ ಹಡಗಿಗೆ ಕಟ್ಟಿ ಎಳೆದರೆ ದೋಣಿಯು ಹೆಚ್ಚು ಸರಿಯುವುದು, ಹಡಗು ಕೊಂಚ ಮಾತ್ರ ಸರಿಯುವುದು. ಸರಿಯದೆ ಮಾತ್ರ ಇರದು. ಹಡಗು ಲಂಗರು ಹಾಕಿದ್ದರೆ ಇನ್ನೂ ಕಡಿಮೆ ಸರಿಯುವುದು. ಆದರೆ ಮರಳಿನಲ್ಲಿ ಬಿದ್ದ ಲಂಗರು ಸೆಳೆತ ಹೆಚ್ಚಾದಾಗ ಜಾರುವುದುಂಟು. ಅದೇ ಹಗ್ಗವನ್ನು ಕಾಪುವಿನಲ್ಲಿ 1901ರಲ್ಲಿ ದೀಪಸ್ತಂಭವನ್ನು ಕಟ್ಟಿರುವ ಕಡಲದಡದ ಹೆಬ್ಬಂಡೆಯಂತಹ ಬಂಡೆಗೆ ಬಿಗಿದರೆ ದೋಣಿಯೊಂದೇ ಸರಿಯುವುದು. ದಂತಚಿಕಿತ್ಸೆಯಲ್ಲಿ ಇಂದಿನವರೆಗೆ ಹುಟ್ಟಿರುವ ಲಂಗರುಗಳೆಲ್ಲವೂ ಈ ನಾಲ್ಕು ಬಗೆಗಳಲ್ಲಿ ಯಾವುದಾದರೊಂದಕ್ಕೆ ಸೇರುವುವು.

ಇದರಲ್ಲಿ ಅಪಾಯವೇನೆಂದು ತಾವು ಕೇಳಬಹುದು. ಉಬ್ಬುಹಲ್ಲಿನ ಮಗುವಿಗೆ, ಹಲ್ಲುಗಳನ್ನು ಹಿಂದಕ್ಕೆ ಸರಿಸಲು ಸ್ಥಳವಿಲ್ಲದಿದ್ದಾಗ, ಕೋರೆಹಲ್ಲಿನ ಹಿಂದಿರುವ ಮೊದಲನೆಯ ಮುಂದವಡೆ ಹಲ್ಲನ್ನು ಎರಡೂ ಪಾರ್ಶ್ವಗಳಲ್ಲಿ, ಬಹಳ ಸಲ ಮೇಲೂ ಕೆಳಗೂ, ತೆಗೆಯಬೇಕಾಗುವುದು. ಒಂದು ಹಲ್ಲು ತೆಗೆದರೆ ದೊರೆಯುವ ಸ್ಥಳವು ಸುಮಾರು 7 ಮಿಲಿಮೀಟರು. ಈ 7 ಮಿಲಿಮೀಟರು ಮುಂದಿನ ಹಲ್ಲುಗಳ ಪಾಲಿಗೆ ಬಂದರೆ ತುಟಿಯೊಳಗೆ ಹಲ್ಲು ಅಡಗಿ ಮುಖವು ಸರಿಹೋಗುವುದು. ಲಂಗರು ಜಾರಿ ಹಿಂದಿನ ಹಲ್ಲುಗಳು ಅರ್ಧದಷ್ಟು ಮುಂದೆ ಬಂದವೆನ್ನಿರಿ. ಆಗ ಹಲ್ಲುಗಳ ನಡುವಣ ಸಂದು ಮುಚ್ಚುವುದೇನೋ ನಿಜ. ಆದರೆ ಉಬ್ಬು ಅರ್ಧ ಉಳಿದೇ ಇರುವುದು. ಗಟ್ಟಿಯಾದ ಹಲ್ಲುಗಳು ಹೋದವು. ಯಾವ ಕಾರ್ಯಕ್ಕಾಗಿ ಹೋದವೋ ಅದು ಪೂರ್ತಿಯಾಗಲಿಲ್ಲ. ತೆಗೆದ ಹಲ್ಲು ಮರಳಿ ಬಾರದು. ಈ ನಷ್ಟವು ಮಗುವಿನ ಬಾಯಿಯಲ್ಲಿ ಜೀವಮಾನವಿಡೀ ಉಳಿಯುವಂತಹುದು. ಆದುದರಿಂದಲೇ ಲಂಗರಿನ ನಿರ್ಣಯವು ಹಲ್ಲು ಕೀಳುವುದಕ್ಕೆ ಮುಂಚೆಯೇ ಆಗಬೇಕು, ಆಮೇಲಲ್ಲ. ನಾನು ಇಂದು ಹೇಳಬೇಕೆಂದಿರುವ ಮಾತುಗಳ ಸಾರವು ಇದೇ.

ಎಲ್ಲ ಮಕ್ಕಳಿಗೂ ಬಲವಾದ ಲಂಗರೇ ಬೇಕೆಂದೂ ಅಲ್ಲ. ಹಿಂದಿನ ಹಲ್ಲುಗಳು ಆ ಸ್ಥಳದ ಕಾಲು ಭಾಗಕ್ಕಿಂತ ಹೆಚ್ಚು ಮುಂದೆ ಬರಕೂಡದೆಂದಿದ್ದರೆ ಅದು ಗರಿಷ್ಠ ಲಂಗರು; ಕಾಲರಿಂದ ಅರ್ಧದವರೆಗೆ ಬರಬಹುದಾದರೆ ಮಧ್ಯಮ; ಅರ್ಧಕ್ಕಿಂತ ಹೆಚ್ಚು ಬರಬೇಕಾದರೆ ಕನಿಷ್ಠ. ಕೆಲವು ಮಕ್ಕಳಲ್ಲಿ ಹಿಂದಿನ ಹಲ್ಲುಗಳು ಮುಂದೆ ಬರುವುದೇ ಹಿತಕರವು. ಯಾವ ಮಗುವಿಗೆ ಎಷ್ಟೆಂಬುದನ್ನು ಹಲ್ಲಿನ ಅಚ್ಚು, ಮುಖದ ಪಾರ್ಶ್ವದ ಕ್ಷ-ಕಿರಣ ಚಿತ್ರ ಮುಂತಾದವುಗಳಿಂದ ಮೊದಲೇ ಅಳೆದು ತಿಳಿಯಬಹುದು.

ಇನ್ನು ಲಂಗರುಗಳ ಬಗೆಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು, ಹಲ್ಲಿಗೆ ಹಲ್ಲೇ ಲಂಗರಾಗುವ ಕ್ರಮವು. ಬೇರಿನ ಮೇಲ್ಮೈ ಎಷ್ಟು ವಿಶಾಲವೋ ಹಲ್ಲು ಅಷ್ಟು ಬಲವಾಗಿ ನಿಲ್ಲುವುದೆಂಬುದು ಇದರ ಮೂಲಸೂತ್ರವು. ಮೇಲಿನ ದವಡೆಯಲ್ಲಿ ಮೊದಲನೆಯ ಹಿಂದವಡೆ ಹಲ್ಲಿನ ಬೇರುಗಳ ಮೇಲ್ಮೈ ಸುಮಾರು 430 ಚದರ ಮಿಲಿಮೀಟರು. ಎರಡನೆಯ ಮುಂದವಡೆ ಹಲ್ಲಿನದು ಸುಮಾರು 220. ಕೋರೆಹಲ್ಲಿನದು ಸುಮಾರು 270. ಎರಡು ಬಾಚಿಹಲ್ಲುಗಳದು ಸೇರಿ ಸುಮಾರು 380. ಈಗ ಲೆಕ್ಕ ಹಾಕಿರಿ. ಹಿಂದಿನ ಎರಡು ಹಲ್ಲುಗಳ ಮೊತ್ತವು 650. ಅವುಗಳಿಂದ ಕೋರೆಹಲ್ಲೊಂದನ್ನೇ ಎಳೆದರೆ 650ಕ್ಕೆ 270ರ ಹೋರಾಟವು. ಲಂಗರು ನಿಲ್ಲುವ ಸಂಭವ ಹೆಚ್ಚು. ಕೋರೆಹಲ್ಲನ್ನೂ ಬಾಚಿಹಲ್ಲುಗಳನ್ನೂ ಒಟ್ಟಿಗೆ ಎಳೆದರೆ 650ಕ್ಕೆ 650, ಸಮಬಲದ ಹಗ್ಗಜಗ್ಗಾಟವು. ಈ ಕಾರಣದಿಂದ ಎರಡನೆಯ ಹಿಂದವಡೆ ಹಲ್ಲನ್ನೂ ಲಂಗರಿನ ಗುಂಪಿಗೆ ಸೇರಿಸಿಕೊಳ್ಳುವುದು ವಾಡಿಕೆ. ಆಗ ಹಿಂದಿನ ಮೊತ್ತವು 1,080ರಷ್ಟಾಗುವುದು. ಮೊದಲು ಕೋರೆಹಲ್ಲು, ಆಮೇಲೆ ಬಾಚಿಹಲ್ಲು ಎಂದು ಎರಡು ಸಲ ಎಳೆಯುವ ಪದ್ಧತಿಯೂ ಇದೇ ಲೆಕ್ಕದಿಂದ ಹುಟ್ಟಿತು. ಆದರೆ ಲೆಕ್ಕದಲ್ಲಿ ಕಂಡಷ್ಟು ಲಾಭವು ರೋಗಿಗಳಲ್ಲಿ ಕಾಣಲಿಲ್ಲವೆಂದು ಈಚಿನ ಪರೀಕ್ಷೆಗಳಿಂದ ತಿಳಿದಿರುವುದು. ಏಕೆಂದರೆ ಎರಡು ಸಲ ಎಳೆದಾಗ ಹಿಂದಿನ ಹಲ್ಲೂ ಎರಡು ಸಲ ಸೆಳೆತಕ್ಕೆ ಸಿಕ್ಕುವುದು.

ಈ ಮಾರ್ಗದ ಇತಿಹಾಸದಲ್ಲಿ ಒಂದು ಗುರುಶಿಷ್ಯ ಪರಂಪರೆಯೇ ಉಂಟು. ಆಧುನಿಕ ವಕ್ರದಂತ ಚಿಕಿತ್ಸೆಗೆ ತಳಹದಿ ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್ ಅವರು (1855–1930) ಹಲ್ಲು ಕೀಳುವುದನ್ನು ಬಲವಾಗಿ ವಿರೋಧಿಸಿದರು. ಎಲ್ಲ ಹಲ್ಲುಗಳನ್ನೂ ಉಳಿಸಿಕೊಂಡೇ ಸಾಲುಗೂಡಿಸಬೇಕೆಂಬುದು ಅವರ ಸಿದ್ಧಾಂತವಾಗಿತ್ತು. ಅವರ ಶಿಷ್ಯರಾದ ಚಾರ್ಲ್ಸ್ ಟ್ವೀಡ್ ಅವರು ಗುರುವಿನ ಕ್ರಮದಿಂದಲೇ ಚಿಕಿತ್ಸೆ ಮಾಡಿ, ಫಲವು ನಿಲ್ಲದುದನ್ನು ಕಂಡು, ಅಂತಹ ರೋಗಿಗಳಿಗೆ ಹಲ್ಲು ತೆಗೆದು ಮತ್ತೆ ಚಿಕಿತ್ಸೆ ಮಾಡಿದರು. 1940ರಲ್ಲಿ ಅಂತಹ 100 ರೋಗಿಗಳ ಎರಡೂ ಸಲದ ದಾಖಲೆಗಳನ್ನು ತಮ್ಮ ವೃತ್ತಿಬಾಂಧವರ ಮುಂದೆ ಇಟ್ಟರು. ಹಿಂದಿನ ಹಲ್ಲುಗಳನ್ನು ಮೊದಲೇ ಹಿಂದಕ್ಕೆ ವಾಲಿಸಿ, ಗುಡಾರದ ಗೂಟದಂತೆ ಸೆಳೆತಕ್ಕೆ ಎದುರಾಗಿ ನಿಲ್ಲಿಸುವ ಲಂಗರಿನ ಪೂರ್ವಸಿದ್ಧತೆಯು ಅವರ ಕೊಡುಗೆಯು. ಆಂಗಲರ ಇನ್ನೊಬ್ಬ ಶಿಷ್ಯರು ಆಸ್ಟ್ರೇಲಿಯದ ರೇಮಂಡ್ ಬೆಗ್ ಅವರು. ಆ ದೇಶದಲ್ಲಿಯೇ ಸ್ಟೋರಿ ಮತ್ತು ಸ್ಮಿತ್ ಎಂಬ ಇಬ್ಬರು 1952ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಮೆಲುಬಲದಿಂದ ಎಳೆದಾಗ ಕೋರೆಹಲ್ಲು ಸರಿಯಿತು. ಬಲವನ್ನು ಹೆಚ್ಚಿಸಿದಾಗ ಕೋರೆಹಲ್ಲು ನಿಂತು, ಲಂಗರಾಗಿದ್ದ ಹಿಂದವಡೆ ಹಲ್ಲೇ ಮುಂದೆ ಬಂದಿತು! ನಂತರದ ಸಂಶೋಧಕರು ಇದರ ವಿವರಗಳನ್ನು ತಿದ್ದಿರುವರಾದರೂ, ಅತಿಬಲವು ಲಂಗರಿಗೆ ಶತ್ರುವೆಂಬ ಮಾತು ಉಳಿದಿದೆ. ಬೆಗ್ ಅವರು 1956ರಲ್ಲಿ ಪ್ರಕಟಿಸಿದ ತೆಳುತಂತಿಯ ಪದ್ಧತಿಯು ಈ ತತ್ತ್ವವನ್ನೇ ಆಶ್ರಯಿಸಿತು. ಮುಂದಿನ ಹಲ್ಲುಗಳನ್ನು ಮೊದಲು ಮೆಲುಬಲದಿಂದ ವಾಲಿಸಿ, ಬೇರುಗಳನ್ನು ಆಮೇಲೆ ನೆಟ್ಟಗೆ ಮಾಡುವುದು ಅದರ ರೀತಿಯು. ಹಲ್ಲನ್ನೇ ಲಂಗರಾಗಿಸುವ ಈ ಕ್ರಮದ ಗುಣವೇನೆಂದರೆ, ಮಗುವಿನ ಮೇಲೆ ಬೇರೆ ಯಾವ ಉಪಕರಣದ ಹೊರೆಯೂ ಬೀಳದು. ದೋಷವೇನೆಂದರೆ, ಕೊಂಚವಾದರೂ ಲಂಗರು ಜಾರಿಯೇ ತೀರುವುದು.

ಎರಡನೆಯದು, ಅಂಗುಳಿನ ಆಸರೆಯು. ಎಡಬಲದ ಹಿಂದವಡೆ ಹಲ್ಲುಗಳನ್ನು ಅಂಗುಳಿನ ಮೇಲೆ ಹಾಯುವ ದಪ್ಪ ತಂತಿಯಿಂದ ಒಂದಕ್ಕೊಂದು ಬಂಧಿಸುವುದು ಒಂದು ರೀತಿಯು. ಆ ತಂತಿಯ ಮುಂಭಾಗದಲ್ಲಿ ಅರಗಿನಂತಹ ವಸ್ತುವಿನ ಒಂದು ಸಣ್ಣ ಗುಂಡಿಯನ್ನು ಮಾಡಿ ಅಂಗುಳಿನ ಇಳಿಜಾರಿಗೆ ಆನಿಸುವುದು ಇನ್ನೊಂದು ರೀತಿಯು. ಎರಡನೆಯದಕ್ಕೆ ಅಮೆರಿಕದ ನ್ಯಾನ್ಸ್ ಎಂಬ ವೈದ್ಯರ ಹೆಸರಿನಿಂದ ನ್ಯಾನ್ಸ್ ಗುಂಡಿಯೆಂದೇ ಪ್ರಸಿದ್ಧಿಯು. ಇದು ಬಾಯಿಯೊಳಗೇ ಅಂಟಿಕೊಂಡಿರುವುದರಿಂದ ಹಾಕಿಕೊಳ್ಳುವ, ತೆಗೆಯುವ ಶ್ರಮವು ಮಗುವಿಗಿಲ್ಲ. ಆದರೆ ಗುಂಡಿಯ ಅಡಿಯಲ್ಲಿ ಆಹಾರದ ಕಣಗಳು ಸಿಕ್ಕಿ ಅಂಗುಳು ಕೆಂಪಾಗಿ ಬಾಯುವುದುಂಟು. ಎಳೆತವು ಹೆಚ್ಚಾದರೆ ಗುಂಡಿಯು ಮೃದುವಾದ ಚರ್ಮದಲ್ಲಿ ಹೂತುಕೊಳ್ಳುವುದುಂಟು. ಇದು ಮರಳಿನಲ್ಲಿ ಬಿದ್ದ ಲಂಗರಿನ ಹಾಗೆ. ತಡೆಯುವುದು, ಆದರೆ ಪೂರ್ತಿಯಾಗಿ ತಡೆಯದು.

ಮೂರನೆಯದು, ಬಾಯಿಯ ಹೊರಗಿನ ಆಸರೆಯು. ತಲೆಯ ಅಥವಾ ಕುತ್ತಿಗೆಯ ಹಿಂಭಾಗಕ್ಕೆ ಪಟ್ಟಿಯನ್ನು ಕಟ್ಟಿ, ಮುಖದ ಮುಂದೆ ಬರುವ ಕಮಾನಿನ ಮೂಲಕ ಹಿಂದವಡೆ ಹಲ್ಲುಗಳನ್ನು ಹಿಂದಕ್ಕೆ ಹಿಡಿದಿಡುವ ಹೆಡ್‌ಗಿಯರ್ ಎಂಬ ಸಾಧನವು 19ನೆಯ ಶತಮಾನದಲ್ಲಿಯೇ ಇದ್ದು, ನಡುವೆ ಮರೆತುಹೋಗಿ, 1947ರ ಸುಮಾರಿಗೆ ಕ್ಲೋನ್ ಎಂಬ ಅಮೆರಿಕದ ವೈದ್ಯರಿಂದ ಮತ್ತೆ ಬಳಕೆಗೆ ಬಂದಿತು. ಇಲ್ಲಿ ಪ್ರತಿಬಲವು ಹಲ್ಲಿನ ಮೇಲಲ್ಲ, ತಲೆಯ ಮೇಲೆ ಬೀಳುವುದು. ಆದ ಕಾರಣ ಶಾಸ್ತ್ರದೃಷ್ಟಿಯಿಂದ ಇದು ಬಲವಾದ ಲಂಗರು. ಆದರೆ ದಿನಕ್ಕೆ 10–12 ಗಂಟೆಗಳ ಕಾಲ, ತಿಂಗಳುಗಟ್ಟಲೆ, ಮಗುವು ಅದನ್ನು ತಾನಾಗಿ ಧರಿಸಿದರೆ ಮಾತ್ರ ಫಲವುಂಟು. 13 ವರ್ಷದ ಹುಡುಗಿಯೊಬ್ಬಳು ನೆರೆಹೊರೆಯವರೂ ನೆಂಟರೂ ಬಂದು ಹೋಗುವ ಮನೆಯಲ್ಲಿ ಮುಖಕ್ಕೆ ಕಮಾನು ಕಟ್ಟಿಕೊಂಡು ಸಂಜೆಯಿಂದ ಬೆಳಗಿನವರೆಗೆ ಇರಬೇಕೆಂದರೆ ಅದು ಸಣ್ಣ ತಪಸ್ಸಲ್ಲ. ಅದೂ ಅಲ್ಲದೆ ಕಮಾನು ಸಿಡಿದು ಕಣ್ಣಿಗೆ ಗಾಯವಾದ ಪ್ರಸಂಗಗಳು ಪಾಶ್ಚಾತ್ಯ ದೇಶಗಳಲ್ಲಿ ವರದಿಯಾದುದರಿಂದ ಈಗ ಅದಕ್ಕೆ ರಕ್ಷಣೆಯ ಕೊಂಡಿಗಳನ್ನು ಅವಶ್ಯವಾಗಿ ಜೋಡಿಸುವರು.

ನಾಲ್ಕನೆಯದು, ಎಲುಬಿನ ಲಂಗರು. ಜನರು ದವಡೆಗೆ ಹೊಡೆಯುವ ಮೊಳೆಯೆಂದು ಹೆದರುವುದು ಇದಕ್ಕೇ. ಇದರ ಯೋಚನೆಯು ಹೊಸದಲ್ಲ. 1945ರಲ್ಲಿಯೇ ಗೇನ್ಸ್‌ಫೋರ್ತ್ ಮತ್ತು ಹಿಗ್ಲಿ ಎಂಬವರು ನಾಯಿಗಳ ದವಡೆಗೆ ಲೋಹದ ತಿರುಪುಗಳನ್ನು ಹಾಕಿ ಹಲ್ಲನ್ನೆಳೆಯಲು ಯತ್ನಿಸಿದರು; ಆದರೆ 16ರಿಂದ 31 ದಿನಗಳೊಳಗೆ ತಿರುಪುಗಳೆಲ್ಲ ಸಡಿಲವಾಗಿ ಬಿದ್ದುಹೋದವು. ಟೈಟೇನಿಯಂ ಲೋಹವನ್ನು ಎಲುಬು ತನ್ನದೆಂಬಂತೆ ಸ್ವೀಕರಿಸುವುದೆಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಅವರು ಕಂಡುಕೊಂಡು 1965ರಲ್ಲಿ ಮನುಷ್ಯನ ದವಡೆಯಲ್ಲಿ ಕೃತಕ ದಂತಮೂಲವನ್ನು ನೆಟ್ಟ ಮೇಲೆ ಈ ಯೋಚನೆಗೆ ಮತ್ತೆ ಜೀವ ಬಂದಿತು. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಎಂಬವರು ಮೂಗಿನ ಕೆಳಗಿನ ಎಲುಬಿಗೆ ಒಂದು ತಿರುಪನ್ನು ಹಾಕಿ, ಮೇಲಿನ ಬಾಚಿಹಲ್ಲುಗಳನ್ನು ಸುಮಾರು 6 ಮಿಲಿಮೀಟರು ಮೇಲಕ್ಕೆ ಸರಿಸಿ ತೋರಿಸಿದರು. 1997ರಲ್ಲಿ ಜಪಾನಿನ ಕನೋಮಿ ಅವರು ಕೇವಲ 1.2 ಮಿಲಿಮೀಟರು ದಪ್ಪ, 6 ಮಿಲಿಮೀಟರು ಉದ್ದದ ಚಿಕ್ಕ ತಿರುಪನ್ನು ಬಳಕೆಗೆ ತಂದರು. ಅಂದಿನಿಂದ ಈ ವಿದ್ಯೆಯು ಲೋಕವೆಲ್ಲ ಹಬ್ಬಿತು.

ಇಂದು ಬಳಸುವ ತಿರುಪುಗಳು ಸಾಮಾನ್ಯವಾಗಿ 1.2ರಿಂದ 2 ಮಿಲಿಮೀಟರು ದಪ್ಪ, 6ರಿಂದ 12 ಮಿಲಿಮೀಟರು ಉದ್ದವಿರುವುವು. ಒಸಡಿಗೆ ಸ್ವಲ್ಪ ಮರವಿನ ಔಷಧ ಕೊಟ್ಟು, ಬಹುವಾಗಿ ಮೇಲಿನ ಎರಡನೆಯ ಮುಂದವಡೆ ಹಲ್ಲಿಗೂ ಮೊದಲನೆಯ ಹಿಂದವಡೆ ಹಲ್ಲಿಗೂ ನಡುವಣ ಎಲುಬಿನಲ್ಲಿ ತಿರುಗಿಸಿ ಕೂರಿಸುವರು, ಸುತ್ತಿಗೆಯಿಂದ ಹೊಡೆಯುವುದಿಲ್ಲ. ಎಲುಬಿಗೆ ನೋವಿನ ಅರಿವು ಕಡಿಮೆಯಾದುದರಿಂದ ಹೆಚ್ಚಿನ ಮಕ್ಕಳು ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಇದು ಹಗುರವೆನ್ನುವರು. ತಿರುಪಿನ ಸುತ್ತ ಹಲ್ಲಿನ ಬೇರಿಗಿರುವಂತಹ ನಾರಿನ ಪೊರೆಯಿಲ್ಲ. ಆದುದರಿಂದ ಹಲ್ಲಿನಂತೆ ಅದು ಎಲುಬನ್ನು ಕರಗಿಸುತ್ತ ಸಾಗದು. ಕೆಲಸ ಮುಗಿದ ಮೇಲೆ ತಿರುಗಿಸಿ ತೆಗೆದರೆ ಗಾಯವು ಕೆಲವೇ ದಿನಗಳಲ್ಲಿ ಮಾಯುವುದು.

ಹೀಗೆಂದ ಮಾತ್ರಕ್ಕೆ ಇದು ಕಾಪುವಿನ ಬಂಡೆಯೇ ಸರಿಯೆಂದು ಭ್ರಮಿಸಬಾರದು. 2004ರಲ್ಲಿ ತೈವಾನಿನ ವೈದ್ಯರು 16 ರೋಗಿಗಳಲ್ಲಿ ಅಳೆದು ನೋಡಿದಾಗ ತಿರುಪುಗಳು ಗಟ್ಟಿಯಾಗಿದ್ದರೂ ಕೆಲವು ಎಳೆತದ ಕಡೆಗೆ ಕೊಂಚ ವಾಲಿದ್ದುದು ಕಂಡುಬಂದಿತು; ಆದುದರಿಂದ ಪಕ್ಕದ ಬೇರಿನಿಂದ ಸಾಕಷ್ಟು ಅಂತರವಿಟ್ಟೇ ಕೂರಿಸಬೇಕೆಂದು ಅವರು ಎಚ್ಚರಿಸಿದರು. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 4,987 ತಿರುಪುಗಳ ಲೆಕ್ಕವನ್ನು ತೆಗೆಯಿತು. ಅವುಗಳಲ್ಲಿ ನೂರಕ್ಕೆ ಸುಮಾರು 13.5ರಂತೆ ಕಾಲಕ್ಕೆ ಮುಂಚೆ ಸಡಿಲವಾಗಿದ್ದವು. ಎಂದರೆ ಏಳೆಂಟು ತಿರುಪುಗಳಲ್ಲಿ ಒಂದು ನಿಲ್ಲದು. ಹಲ್ಲುಜ್ಜದೆ ತಿರುಪಿನ ಸುತ್ತ ಒಸಡು ಬಾತರೆ ಸಡಿಲವಾಗುವ ಸಂಭವವು ಹೆಚ್ಚುವುದು. ಎಳೆಯ ಮಕ್ಕಳ ಎಲುಬು ಇನ್ನೂ ಮೃದುವಾಗಿರುವುದರಿಂದ ಅವರಲ್ಲಿ ಇದನ್ನು ಯೋಚಿಸಿಯೇ ಬಳಸಬೇಕು.

ಹೀಗಿರಲು ಈ ನಾಲ್ಕರಲ್ಲಿ ಯಾವುದು ಮೇಲು? ಇಲ್ಲಿ ಶಾಸ್ತ್ರವು ಎರಡು ಮಾತನ್ನಾಡುವಂತೆ ತೋರುವುದು. 2014ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಮೀಕ್ಷಾ ಸಂಸ್ಥೆಯು ಅನೇಕ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ, ಎಲುಬಿನ ಲಂಗರಿನಿಂದ ಹಿಂದವಡೆ ಹಲ್ಲು ಮುಂದೆ ಬರುವುದು ಹಳೆಯ ಕ್ರಮಗಳಿಗಿಂತ ಸರಾಸರಿ ಒಂದೂವರೆ ಮಿಲಿಮೀಟರಿಗೂ ಸ್ವಲ್ಪ ಹೆಚ್ಚಾಗಿ ತಗ್ಗುವುದೆಂದು ಹೇಳಿತು. ಅದೇ 2014ರಲ್ಲಿ ಇಂಗ್ಲೆಂಡಿನಲ್ಲಿ 12ರಿಂದ 18 ವರ್ಷದ 78 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ತಿರುಪು, ಒಂದಕ್ಕೆ ನ್ಯಾನ್ಸ್ ಗುಂಡಿ, ಒಂದಕ್ಕೆ ಹೆಡ್‌ಗಿಯರ್ ಕೊಟ್ಟು ನೋಡಿದ ಪರೀಕ್ಷೆಯು ಪ್ರಕಟವಾಯಿತು. ಲಂಗರಿನ ಬಲದಲ್ಲಿ ಮೂರಕ್ಕೂ ಗಣನೀಯವಾದ ಭೇದವು ಅಲ್ಲಿ ಕಾಣಲಿಲ್ಲ! ಆದರೆ ತೊಂದರೆಗಳು ಹೆಡ್‌ಗಿಯರ್ ಮತ್ತು ಗುಂಡಿಗಳಲ್ಲಿ ಹೆಚ್ಚಾಗಿಯೂ ತಿರುಪಿನಲ್ಲಿ ಕಡಿಮೆಯಾಗಿಯೂ ಇದ್ದವು. ಚಿಕಿತ್ಸೆಯ ಕೊನೆಯ ಗುಣವೂ ತಿರುಪಿನ ಗುಂಪಿನಲ್ಲಿ ಉತ್ತಮವಾಗಿತ್ತು.

ಇವೆರಡನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿಯು ಸ್ಪಷ್ಟವಾಗುವುದು. ಹಳೆಯ ಸಾಧನಗಳು ದುರ್ಬಲವಲ್ಲ. ನಿಯಮದಂತೆ ಧರಿಸಿ, ನಿಯಮದಂತೆ ನೋಡಿಕೊಂಡರೆ ಅವೂ ಹೊಸದಕ್ಕೆ ಸಮನಾಗಿ ನಿಲ್ಲಬಲ್ಲವು. ಭೇದವಿರುವುದು ಲಂಗರಿನ ಭಾರವನ್ನು ಹೊರುವವರಲ್ಲಿ. ಹೆಡ್‌ಗಿಯರಿನಲ್ಲಿ ಆ ಭಾರವು ಮಗುವಿನ ಮನೋಬಲದ ಮೇಲೆ ಬೀಳುವುದು. ಅಂಗುಳಿನ ಗುಂಡಿಯಲ್ಲಿ ಅದು ಮೃದುವಾದ ಚರ್ಮದ ಮೇಲೆ ಬೀಳುವುದು. ಹಲ್ಲಿನ ಲಂಗರಿನಲ್ಲಿ ಹಿಂದಿನ ಹಲ್ಲುಗಳ ಮೇಲೆಯೂ ವೈದ್ಯನ ತಾಳ್ಮೆಯ ಮೇಲೆಯೂ ಬೀಳುವುದು. ತಿರುಪಿನಲ್ಲಿ ಎಲುಬಿನ ಮೇಲೆ ಬೀಳುವುದು. ಜೊತೆಗೆ ಬಾಯಿಯ ಶುಚಿತ್ವವನ್ನು ಕಾಯುವ ಹೊಣೆಯು ಮನೆಯವರ ಮೇಲೆ ಬೀಳುವುದು. ಆದುದರಿಂದ ಯಾವುದು ಹೊಸದು, ಯಾವುದು ದುಬಾರಿ ಎಂದು ಕೇಳದೆ, ಈ ಮಗುವಿನಲ್ಲಿ, ಈ ಮನೆಯಲ್ಲಿ, ಈ ಭಾರವನ್ನು ನಿಜವಾಗಿ ಹೊರಬಲ್ಲವರು ಯಾರು ಎಂದು ಕೇಳುವುದೇ ಸರಿಯಾದ ಮಾರ್ಗವು.

ಈ ವಿವೇಚನೆಯು ನಮ್ಮ ನಾಡಿನವರಿಗೆ ವಿಶೇಷವಾಗಿ ಅವಶ್ಯವು. ಹಿಂದೆ ಈ ಚಿಕಿತ್ಸೆಯು ನಗರವಾಸಿಗಳಿಗೆ ಮಾತ್ರ ಸಿಕ್ಕುವಂತಹುದಾಗಿತ್ತು. ಬೆಂಗಳೂರಿನಲ್ಲಿ 1958ರಲ್ಲಿ ಸರಕಾರಿ ದಂತವೈದ್ಯ ಕಾಲೇಜು ಹುಟ್ಟಿತು. ಉಡುಪಿಯ ಪಕ್ಕದ ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಗಳವರು (1898–1979) 1965ರಲ್ಲಿ ಅಲ್ಲಿಯೇ ದಂತವೈದ್ಯ ಕಾಲೇಜನ್ನೂ ತೆರೆದರು. ವಕ್ರದಂತ ಚಿಕಿತ್ಸಕರ ಅಖಿಲ ಭಾರತ ಸಂಘವು ಹುಟ್ಟಿದುದೂ ಅದೇ ವರ್ಷವೇ. ಆಮೇಲೆ ದಾವಣಗೆರೆ, ಬೆಳಗಾವಿ, ಧಾರವಾಡಗಳಲ್ಲಿಯೂ ದಂತವೈದ್ಯ ಕಾಲೇಜುಗಳು ಏರ್ಪಟ್ಟವು. 1916ರಲ್ಲಿ ಏಳು ಮಂದಿ ತ್ಯಾಗಿಗಳಾದ ಶಿಕ್ಷಕರು ಬೆಳಗಾವಿಯಲ್ಲಿ ನೆಟ್ಟ ಕೆ.ಎಲ್.ಇ. ಸಂಸ್ಥೆಯೆಂಬ ಸಸಿಯ ಒಂದು ಕೊಂಬೆಯೇ ಅಲ್ಲಿಯ ದಂತವೈದ್ಯ ಕಾಲೇಜೆಂಬುದು ಈ ಸಭೆಗೆ ಸಂತೋಷದ ವಿಷಯವು. ಹೀಗೆ ಇಂದು ಹಳ್ಳಿಯ ಮಗುವಿಗೂ ಈ ವಿದ್ಯೆಯು ಕೈಗೆಟಕುವಂತಾಗಿದೆ.

ಆದರೆ ಕೈಗೆಟಕಿದ ಚಿಕಿತ್ಸೆಯು ಕೈಗೂಡಬೇಕಾದರೆ ಒಂದೂವರೆ ಎರಡು ವರ್ಷಗಳ ಕಾಲ ತಪ್ಪದೆ ಬಂದು ಹೋಗಬೇಕು. ಕಾರ್ಕಳದ ಆಚೆಯ ಊರಿನಿಂದ ಮಣಿಪಾಲಕ್ಕೆ ಬರುವ ತಾಯಿಗೆ ಒಂದು ದಿನದ ಕೂಲಿ ತಪ್ಪುವುದು, ಮಗುವಿಗೆ ಶಾಲೆ ತಪ್ಪುವುದು. ಮಳೆಗಾಲದಲ್ಲಿ ಪ್ರಯಾಣವೇ ಕಷ್ಟವು. ತಿಂಗಳುಗಟ್ಟಲೆ ಬಾರದಿದ್ದರೆ ಬಿಚ್ಚಿದ ಅಂಗುಳಿನ ತಂತಿಯನ್ನು ಕಂಡುಹಿಡಿಯುವವರಿಲ್ಲ. ಸಡಿಲವಾದ ತಿರುಪನ್ನು ನೋಡುವವರಿಲ್ಲ. ಹಲ್ಲು ಕಿತ್ತಾಗಿರುವುದು, ಲಂಗರು ಬಿಟ್ಟಿರುವುದು. ಹಿಂದಿನ ಹಲ್ಲುಗಳು ಯಾರ ಅಪ್ಪಣೆಯನ್ನೂ ಕಾಯದೆ ಮುಂದೆ ನಡೆದುಬಿಡುವುವು. ದೂರದಿಂದ ಬರುವ ಬಡ ಮಗುವಿಗೆ ಯಾವ ಲಂಗರು ತಕ್ಕದ್ದೆಂದು ನಿರ್ಣಯಿಸುವಾಗ ವೈದ್ಯನು ಕ್ಷ-ಕಿರಣ ಚಿತ್ರವನ್ನು ನೋಡಿದಷ್ಟೇ ಶ್ರದ್ಧೆಯಿಂದ ಅದರ ಊರಿನ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯವು. ಬರಲಾಗುವುದಿಲ್ಲವೆಂದು ಮೊದಲೇ ತಿಳಿದಿದ್ದರೆ, ಹಲ್ಲು ಕೀಳದೆ ಕಾಯುವುದೇ ಕೆಲವು ಸಲ ಮೇಲಾದ ಚಿಕಿತ್ಸೆಯಾಗಬಹುದು.

ಆದುದರಿಂದ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹವುಂಟು. ಮಗುವಿನ ಗಟ್ಟಿಯಾದ ಹಲ್ಲನ್ನು ಕೀಳಿಸಲು ಒಪ್ಪುವ ಮುನ್ನ ವೈದ್ಯರನ್ನು ಮೂರು ಪ್ರಶ್ನೆಗಳನ್ನು ಕೇಳಿರಿ. ದೊರೆಯುವ ಸ್ಥಳದಲ್ಲಿ ಮುಂದಿನ ಹಲ್ಲುಗಳಿಗೆ ಎಷ್ಟು ಬೇಕು, ಹಿಂದಿನವು ಎಷ್ಟು ಬಂದರೆ ಬಾಧಕವಿಲ್ಲ? ಇದು ಮೊದಲನೆಯದು. ಈ ಮಗುವಿಗೆ ಲಂಗರು ಯಾವುದು, ಅದನ್ನು ಕಾಯಲು ನಾವು ಮಾಡಬೇಕಾದುದೇನು? ಇದು ಎರಡನೆಯದು. ಆ ಲಂಗರು ನಡುವೆ ಸಡಿಲವಾದರೆ ಮುಂದಿನ ದಾರಿಯೇನು? ಇದು ಮೂರನೆಯದು. ವೈದ್ಯನ ವಿದ್ಯೆಯಲ್ಲಿ ಅಪನಂಬಿಕೆಯಿದೆಯೆಂದು ಇದರಿಂದ ಯಾರೂ ಭಾವಿಸರು. ಸಮಾಧಾನದಿಂದ ಉತ್ತರ ಹೇಳುವುದು ವೈದ್ಯನ ಕರ್ತವ್ಯವೇ ಆಗಿರುವುದು. ಉತ್ತರವನ್ನು ಕೇಳುವಾಗ ಮಗುವನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ತಲೆಪಟ್ಟಿಯನ್ನು ಕಟ್ಟಿಕೊಳ್ಳಬೇಕಾದುದು ಅದರ ತಲೆ. ತಿರುಪಿನ ಸುತ್ತ ಉಜ್ಜಬೇಕಾದುದು ಅದರ ಕೈ. ತಾನು ಒಪ್ಪಿದ ಹೊರೆಯನ್ನು ಮಗುವು ಹೊರುವುದು. ಇತರರು ಹೊರಿಸಿದುದನ್ನು ರಾತ್ರಿ ದೀಪವಾರಿದ ಮೇಲೆ ತೆಗೆದಿಡುವುದು.

ಚಿಕಿತ್ಸೆಯು ಮುಗಿದ ಮೇಲೂ ಒಂದು ನಿಯಮವುಂಟು. ಸರಿದ ಹಲ್ಲು ಹಳೆಯ ಜಾಗಕ್ಕೆ ಮರಳುವ ಸ್ವಭಾವದ್ದು; ಹೊಸ ಎಲುಬು ಗಟ್ಟಿಯಾಗುವವರೆಗೆ, ಆಮೇಲೆಯೂ ಬಹುಕಾಲ, ವೈದ್ಯರು ಕೊಡುವ ತಡೆಯ ಪಟ್ಟಿಯನ್ನು ಧರಿಸಬೇಕು. ತಂತಿ ಬಿಚ್ಚಿದ ದಿನವೇ ಎಲ್ಲವೂ ಮುಗಿಯಿತೆಂದು ತಿಳಿಯುವುದು, ದಡ ಮುಟ್ಟಿದ ದೋಣಿಯನ್ನು ಕಟ್ಟದೆ ಮನೆಗೆ ಹೋದಂತಾಗುವುದು.

ಹಲ್ಲು ಸಣ್ಣ ಅಂಗವೇ ಹೌದು. ಆದರೆ ಮಗುವು ಬಾಯ್ತುಂಬ ನಗುವುದೋ, ಕೈಯಿಂದ ತುಟಿ ಮುಚ್ಚಿಕೊಂಡು ನಗುವುದೋ ಎಂಬುದು ಸಣ್ಣ ಸಂಗತಿಯಲ್ಲ. ಆ ನಗುವಿಗಾಗಿ ಒಂದು ಗಟ್ಟಿಯಾದ ಹಲ್ಲನ್ನು ನಾವು ಕೇಳಿ ಪಡೆದ ಮೇಲೆ, ಅದರಿಂದ ದೊರೆತ ಸ್ಥಳದ ಒಂದೊಂದು ಮಿಲಿಮೀಟರಿಗೂ ಮಗುವಿಗೆ ಲೆಕ್ಕ ಒಪ್ಪಿಸುವ ಹೊಣೆಯು ವೈದ್ಯರಾದ ನಮ್ಮದು. ಆ ಲೆಕ್ಕವನ್ನು ಕೇಳುವ ಹಕ್ಕು ತಮ್ಮದು.